ಹೊಸ ಚರ್ಮ, ಹಳೆಯ ಗೆರೆ

ಆಳಂದದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಕಲ್ಯಾಣಪ್ಪನವರ ಎರಡನೆಯ ಮಗಳು ಸುಭದ್ರಾ ಹುಟ್ಟಿದಾಗ ಅವಳ ಮೈಮೇಲೆ ಏನೂ ಇರಲಿಲ್ಲವಂತೆ. ತಿಂಗಳು ತುಂಬುವಷ್ಟರಲ್ಲಿ ಎಡಗಡೆ ಭುಜದಿಂದ ಮೊಣಕೈವರೆಗೆ ಬಿಳಿ ಗೆರೆಗಳು ಮೂಡಿದವು. ನೆಟ್ಟಗಿನ ಗೆರೆಗಳಲ್ಲ. ಹಾಲು ಚೆಲ್ಲಿ ಹರಿದಂತೆ ಒಂದಿಷ್ಟು ದೂರ ಕೂಡಿಕೊಂಡು ಹೋಗಿ, ನಡುವೆ ಬಳಸಿ, ಮತ್ತೆ ಬೇರೆಯಾಗುವ ಗೆರೆಗಳು. ತಾಯಿ ಹೀರಾಬಾಯಿ ಬಾವಂಚಿ ಬೀಜ ಅರೆದು ಹಚ್ಚಿ ಕೂಸನ್ನು ಎಳೆಬಿಸಿಲಿಗೆ ಮಲಗಿಸಿದಳು. ಬೊಬ್ಬೆ ಎದ್ದಿತೇ ಹೊರತು ಗೆರೆ ಹೋಗಲಿಲ್ಲ. ದರ್ಗಾಕ್ಕೆ ಹೋಗಿ ಊದಿನ ಬೂದಿ ಹಚ್ಚಿಸಿಕೊಂಡು ಬಂದದ್ದೂ ಆಯಿತು. ಹುಡುಗಿ ಬೆಳೆದಂತೆ ಕೈ ಉದ್ದವಾಯಿತು, ಕೈಯ ಜೊತೆಗೆ ಗೆರೆಗಳೂ ಉದ್ದವಾದವು. ಕೊನೆಗೆ ಹೀರಾಬಾಯಿ ಔಷಧ ಬಿಟ್ಟು, ಮಣಿಕಟ್ಟಿನವರೆಗೆ ತೋಳಿರುವ ಜಂಪರ್ ಹೊಲಿಸತೊಡಗಿದಳು. ಮನೆಯದೇ ಅಂಗಡಿ, ಬಟ್ಟೆಗೇನೂ ಕೊರತೆ ಇರಲಿಲ್ಲ.

ಸುಭದ್ರಾ ಏಳನೆಯ ಇಯತ್ತೆಯಲ್ಲಿದ್ದಾಗ ಸಾಲೆಗೆ ಕುಷ್ಠರೋಗದ ತಪಾಸಣೆಯವರು ಬಂದರು. ಬಂದದ್ದು ಒಬ್ಬರೇ, ಅಬ್ದುಲ್ ಗನಿ ಎಂಬ ಆರೋಗ್ಯ ಕಾರ್ಯಕರ್ತರು, ಸೈಕಲ್ ಮೇಲೆ. ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿ ಬೆನ್ನು, ಕೈ, ಕಿವಿ ನೋಡುತ್ತ ಬಂದರು. ಸುಭದ್ರಾ ತೋಳು ಏರಿಸಲು ಒಪ್ಪಲಿಲ್ಲ. ಹಿಂದೆ ನಿಂತಿದ್ದ ಹುಡುಗಿಯೊಬ್ಬಳು, "ಆಕೀಗೆ ಆ ರೋಗ ಅದ್ರಿ, ನಾವು ಆಕಿ ನೀರಿನ ತಂಬಗಿ ಮುಟ್ಟಂಗಿಲ್ರಿ" ಎಂದಳು. ಗನಿಸಾಹೇಬರು ಆ ಹುಡುಗಿಯ ಕಡೆ ನೋಡಲೇ ಇಲ್ಲ. ಕುರ್ಚಿ ಎಳೆದು ಸುಭದ್ರಾಳ ಎದುರು ಕೂತು, ಚೀಲದಿಂದ ಹತ್ತಿ ತೆಗೆದು ಎಳೆ ಮಾಡಿದರು.

"ಕಣ್ಣ ಮುಚ್ಚು ತಂಗಿ. ಹತ್ತಿ ಎಲ್ಲಿ ತಾಕ್ತದ, ಅಲ್ಲಿ ಬೆರಳ ಇಡು. ಅಷ್ಟ."

ಅವಳು ಕಣ್ಣು ಮುಚ್ಚಿದಳು. ಬಿಳಿ ಗೆರೆಯ ಮೇಲೆ ತಾಕಿತು, ಬೆರಳಿಟ್ಟಳು. ಪಕ್ಕದಲ್ಲಿ ತಾಕಿತು, ಅಲ್ಲಿಯೂ ಇಟ್ಟಳು. ಒಂದೂ ತಪ್ಪಲಿಲ್ಲ. ಗನಿಸಾಹೇಬರು ಎದ್ದು ನಿಂತು, ಇಡೀ ವರ್ಗಕ್ಕೆ ಕೇಳಿಸುವಂತೆ ಜೋರಾಗಿ ಹೇಳಿದರು: "ಮಾಸ್ತರ್ರ, ಇದು ಆ ರೋಗ ಅಲ್ರಿ. ಅದಿದ್ರ ಹತ್ತಿ ತಾಕಿದ್ದು ತಿಳೀತಿರಲಿಲ್ಲ. ಈ ಹುಡುಗಿ ಜೋಡಿ ಯಾರು ಬೇಕಾದ್ರೂ ಕೂಡಬಹುದು, ಉಣ್ಣಬಹುದು."

"ಹಂಗಾದ್ರ ಇದು ಏನ್ರಿ?" ಎಂದು ಸುಭದ್ರಾ ಕೇಳಿದಳು.

"ಅದು ನಂಗ ಗೊತ್ತಿಲ್ಲವ್ವ. ಯಾವುದಲ್ಲ ಅಂತ ಹೇಳಾಕ ಬರ್ತದ ನಂಗ, ಯಾವುದು ಅಂತ ಹೇಳಾಕ ಬರಂಗಿಲ್ಲ."

ಆ ದಿನ ಮಧ್ಯಾಹ್ನ ಇಬ್ಬರು ಹುಡುಗಿಯರು ಅವಳ ಪಕ್ಕ ಬಂದು ರೊಟ್ಟಿ ಬಿಚ್ಚಿದರು. ಉಳಿದವರು ಬರಲಿಲ್ಲ. ಸುಭದ್ರಾಳಿಗೆ ಸಮಾಧಾನವಾಯಿತೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ. ಆ ವಾರ ಬಚ್ಚಲಿನಲ್ಲಿ ಕೂತು, ಹಿಮ್ಮಡಿ ತಿಕ್ಕುವ ಕಲ್ಲು ತೆಗೆದುಕೊಂಡು ಒಂದು ಗೆರೆಯನ್ನು ತಿಕ್ಕತೊಡಗಿದಳು. ರಕ್ತ ಜಿನುಗಿದರೂ ಬಿಡಲಿಲ್ಲ. ಹೀರಾಬಾಯಿ ಬಾಗಿಲು ಬಡಿದು ಒಳಗೆ ಬಂದವಳು ಕಲ್ಲು ಕಸಿದು ಹೊರಗೆ ಎಸೆದಳು. ಬೈಯಲಿಲ್ಲ. ಅರಿಶಿನ ಒತ್ತಿ ಬಟ್ಟೆ ಕಟ್ಟಿ, ಗೋಡೆಗೆ ಮುಖ ಮಾಡಿ ಬಹಳ ಹೊತ್ತು ಕೂತುಬಿಟ್ಟಳು.

ಗಾಯ ಒಣಗಿ ಹಕ್ಕಳೆ ಉದುರಿತು. ಕೆಳಗೆ ಎಳೆಯ, ಕೆಂಪು, ಹೊಸ ಚರ್ಮ ಬಂದಿತ್ತು. ಸುಭದ್ರಾ ದಿನಾ ಬೆಳಕಿಗೆ ಹಿಡಿದು ನೋಡಿದಳು. ಕೆಂಪು ಇಳಿಯುತ್ತ ಬಂದಂತೆ ಬಿಳಿ ಗೆರೆ ಮತ್ತೆ ಕಾಣಿಸಿಕೊಂಡಿತು, ಮೊದಲಿದ್ದ ಜಾಗದಲ್ಲೇ, ಮೊದಲಿದ್ದ ಬಳುಕಿನಲ್ಲೇ. ಅಳು ಬರಬೇಕಿತ್ತು, ಬರಲಿಲ್ಲ. ಬಂದದ್ದು ಬೆರಗು. ಹಳೆಯ ಚರ್ಮ ಹೋಗಿದೆ. ಇದು ಹೊಸದು. ಇದಕ್ಕೆ ಆ ಗೆರೆ ಎಲ್ಲಿ ಬಳುಕಬೇಕೆಂದು ಹೇಳಿಕೊಟ್ಟವರು ಯಾರು?

ಈ ಪ್ರಶ್ನೆಯನ್ನು ಅವಳು ಯಾರನ್ನೂ ಕೇಳಲಿಲ್ಲ. ಆದರೆ ಓದುವುದನ್ನೂ ಬಿಡಲಿಲ್ಲ.

ಪಿಯುಸಿ ಮುಗಿದ ಬೇಸಿಗೆಯಲ್ಲಿ ಹಿರೋಳ್ಳಿಯಿಂದ ಒಂದು ಸಂಬಂಧ ಬಂತು. ಹೊಲ ಮನೆ ಇದ್ದವರು, ಹುಡುಗನೂ ಶಾಂತ. ಮಾತೆಲ್ಲ ಸರಿಯಾಗಿ ನಡೆದಿತ್ತು. ಫಳಾರದ ತಾಟು ಇಡಲು ಬಗ್ಗಿದಾಗ ಹುಡುಗನ ಸೋದರತ್ತೆ ರುಕ್ಮಿಣಿಬಾಯಿ ಸುಭದ್ರಾಳ ಕೈ ಹಿಡಿದುಕೊಂಡಳು. ಯಾರೋ ಮೊದಲೇ ಹೇಳಿದ್ದಿರಬೇಕು. ಮೆಲ್ಲಗೆ ತೋಳು ಮೇಲಕ್ಕೆ ಸರಿಸಿದಳು. ಗೆರೆಗಳನ್ನು ನೋಡಿ, ಕಲ್ಯಾಣಪ್ಪನವರ ಕಡೆ ತಿರುಗಿದಳು.

"ಇದು ಕೈಯಾಗ ನಿಂತ್ರ ಮಾತ ಬ್ಯಾರೆ ಇತ್ರಿ ಕಲ್ಯಾಣಪ್ಪನೋರ. ನಾಳಿ ಹೊಟ್ಯಾಗಿನ ಕೂಸಿಗಿ ಬಂದ್ರ? ಅದರ ಮಕ್ಕಳಿಗಿ ಬಂದ್ರ? ನಾವು ಯಾರಿಗಿ ಕೇಳೂಣ?"

ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಚುಚ್ಚಿತು. ಚಹಾ ಕುಡಿದು ಅವರು ಎದ್ದರು. ಹೀರಾಬಾಯಿ ಒಳಗೆ ಹೋಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ಸುಭದ್ರಾ ಮಾತ್ರ ಎತ್ತಿದ ತಾಟುಗಳನ್ನು ಕೈಯಲ್ಲಿ ಹಿಡಿದೇ ನಿಂತಿದ್ದಳು. ಆ ಹೆಂಗಸು ಕೇಳಿದ್ದರಲ್ಲಿ ತಪ್ಪೇನಿದೆ ಎಂದು ಅವಳಿಗೆ ಅನ್ನಿಸಿತು. ಬರುತ್ತದೋ ಇಲ್ಲವೋ ಎಂದು ತನಗಾದರೂ ಗೊತ್ತಿತ್ತೇ?

ಮೂರನೆಯ ದಿನ ಊಟಕ್ಕೆ ಕೂತಾಗ ಕಲ್ಯಾಣಪ್ಪನವರು ಹೆಂಡತಿಗೆ ಹೇಳಿದರು: "ಮುಂದ ಕಲೀತೇನಿ ಅಂತಾಳಲ್ಲ, ಕಲೀಲಿ. ಆ ಹೆಣ್ಮಗಳು ಕೇಳಿದ್ದಕ್ಕ ನಮ್ಮ ಮನ್ಯಾಗ ಯಾರಿಗೂ ಉತ್ತರ ಕೊಡಾಕ ಬರಲಿಲ್ಲ. ಇಕಿಗಾದ್ರೂ ಬರಲಿ."

ಹೀಗೆ ಸುಭದ್ರಾ ಗುಲ್ಬರ್ಗಾ ಸೇರಿದಳು. ಬಿಎಸ್‌ಸಿ ಮುಗಿಸಿದಳು. ಎಂಎಸ್‌ಸಿ ಪ್ರಾಣಿಶಾಸ್ತ್ರಕ್ಕೆ ಸೇರಿದಾಗ ವರ್ಗದಲ್ಲಿ ನಾಲ್ಕೇ ಹುಡುಗಿಯರು. ಜೀವಕೋಶದ ಪಾಠ ಹೇಳುತ್ತಿದ್ದವರು ಹಣಮಂತರಾಯ ಸರ್. ಸಣ್ಣ ಆಳು, ಯಾವಾಗಲೂ ಅಂಗಿಯ ಕಿಸೆಯಲ್ಲಿ ಏನಾದರೂ ತುರುಕಿಕೊಂಡು ಬರುವವರು. ಒಂದು ದಿನ ಕಿಸೆಯಿಂದ ಹುಣಸೆ ಬೀಜ ಮತ್ತು ಹೂ ಕಟ್ಟುವ ದಾರದ ಉಂಡೆ ತೆಗೆದು ಮೇಜಿನ ಮೇಲೆ ಸುರಿದರು. ಬೀಜಗಳಿಗೆಲ್ಲ ಕೆಂಪು ಶಾಯಿ ಹಚ್ಚಿತ್ತು.

"ನಮ್ಮ ಒಂದೊಂದು ಕೋಶದೊಳಗ ಡಿಎನ್‌ಎ ದಾರ ಎಷ್ಟದ? ಬಿಚ್ಚಿ ಹಿಡದ್ರ ನನಗಿಂತ ಉದ್ದ. ಕೋಶ ಕಣ್ಣಿಗೆ ಕಾಣಂಗಿಲ್ಲ. ಹಂಗಿದ್ರ ಅದು ಒಳಗ ಹ್ಯಾಂಗ ಹಿಡೀತದ?"

ಇಬ್ಬರು ಹುಡುಗರಿಂದ ದಾರದ ತುದಿ ಹಿಡಿಸಿ, ನಡುವೆ ಒಂದೊಂದು ಬೀಜಕ್ಕೆ ಎರಡೆರಡು ಸುತ್ತು ದಾರ ಸುತ್ತುತ್ತ ಹೋದರು. ಉದ್ದದ ದಾರ ನೋಡನೋಡುತ್ತ ಗಿಡ್ಡವಾಯಿತು. ಈ ಬೀಜಗಳೇ ಹಿಸ್ಟೋನ್ ಎಂಬ ಪ್ರೋಟೀನುಗಳು ಎಂದರು. ಎಲ್ಲಿ ಸುತ್ತು ಸಡಿಲವೋ ಅಲ್ಲಿ ಬರೆದದ್ದನ್ನು ಕೋಶ ಓದುತ್ತದೆ. ಎಲ್ಲಿ ಬಿಗಿಯಾಗಿ ಒತ್ತೊತ್ತಾಗಿ ಸುತ್ತಿದೆಯೋ ಅಲ್ಲಿಯದು ಇದ್ದೂ ಓದಲಾಗದು. ಕಣ್ಣಿನ ಕೋಶ ಕಣ್ಣಿನದಾಗಿ, ಚರ್ಮದ್ದು ಚರ್ಮದ್ದಾಗಿ ಉಳಿಯುವುದು ದಾರದಿಂದಷ್ಟೇ ಅಲ್ಲ, ಈ ಸುತ್ತಿನಿಂದಲೂ.

"ಈಗ ಕೋಶ ಒಡೆದು ಎರಡಾಗಬೇಕು. ದಾರ ಪ್ರತಿ ಆಗಬೇಕು. ಸುತ್ತಿದ್ದು ಬಿಚ್ಚದ ಪ್ರತಿ ಮಾಡಾಕ ಬರಂಗಿಲ್ಲ." ಅವರು ಬೀಜಗಳನ್ನು ಬಿಚ್ಚಿದರು. ಇನ್ನೊಂದು ದಾರ ತೆಗೆದು ಪಕ್ಕಕ್ಕೆ ಹಿಡಿಸಿದರು. ಕೆಂಪು ಬೀಜಗಳಲ್ಲಿ ಕೆಲವನ್ನು ಈ ದಾರಕ್ಕೆ, ಕೆಲವನ್ನು ಆ ದಾರಕ್ಕೆ ಸುತ್ತಿದರು. ಎರಡರಲ್ಲೂ ನಡುನಡುವೆ ಖಾಲಿ ಉಳಿಯಿತು. ಇನ್ನೊಂದು ಕಿಸೆಯಿಂದ ಶಾಯಿ ಹಚ್ಚದ ಬೀಜ ತೆಗೆದು ಖಾಲಿ ಜಾಗ ತುಂಬಿದರು. "ಹಳೇವು ಅರ್ಧ, ಹೊಸವು ಅರ್ಧ. ಕೆಲವರು ಹಿಂಗ ಅಂತಾರ. ಇನ್ನ ಕೆಲವರು, ಹಳೇವೆಲ್ಲ ಒಂದ ಕಡಿ ಹೋಗ್ತಾವು ಅಂತಾರ. ಜಗಳ ನಡದದ."

ಸುಭದ್ರಾ ಆ ದಾರಗಳನ್ನೇ ನೋಡುತ್ತಿದ್ದಳು. ವರ್ಗದಲ್ಲಿ ಒಮ್ಮೆಯೂ ಬಾಯಿ ಬಿಡದವಳು ಎದ್ದು ನಿಂತಳು.

"ಸರ್, ಇಲ್ಲಿ ಬಿಗಿ ಸುತ್ತಬೇಕು, ಇಲ್ಲಿ ಸಡಿಲ ಅಂತ ಹೊಸ ಬೀಜಕ್ಕ ಹ್ಯಾಂಗ ಗೊತ್ತಾಗ್ತದ್ರಿ?"

"ಯಾಕ ಕೇಳ್ತಿ?"

ಅವಳು ಮಣಿಕಟ್ಟಿನ ಗುಂಡಿ ಬಿಚ್ಚಿ ಎಡಗೈಯ ತೋಳನ್ನು ಮೊಣಕೈ ದಾಟಿಸಿ ಏರಿಸಿದಳು. ತಾನಾಗಿಯೇ ಏರಿಸಿದ್ದು ಅದೇ ಮೊದಲು. "ಸಣ್ಣಾಕಿ ಇದ್ದಾಗ ಇದನ್ನ ಕಲ್ಲಲೆ ತಿಕ್ಕಿ ತೆಗದೇನ್ರಿ ಸರ್. ಹೊಸ ಚರ್ಮ ಬಂತು. ಗೆರಿ ಇದ್ದಲ್ಲೇ ಬಂತು."

ಹಣಮಂತರಾಯ ಸರ್ ಹತ್ತಿರ ಬಂದು, ಕನ್ನಡಕ ಮೇಲೆತ್ತಿ, ಮುಟ್ಟದೆ ನೋಡಿದರು. "ಭಾಳ ಛಲೋ ಪ್ರಶ್ನಾ," ಎಂದರು. "ಉತ್ತರ ನನ್ನ ಹತ್ರ ಇಲ್ಲ. ಹಳೇ ಬೀಜ ತನ್ನ ಬಾಜೂದ ಹೊಸ ಬೀಜಕ್ಕ ಬಣ್ಣ ಹತ್ತಿಸ್ತದ ಅಂತ ಇರಬಹುದು. ದಾರದ ಮ್ಯಾಲೆ ಸಣ್ಣ ಗುರುತು ಇರ್ತಾವು, ಪ್ರತಿ ಆದ ಮ್ಯಾಲೆ ಅರ್ಧ ಗುರುತು ನೋಡಿ ಪೂರ್ತಿ ಮಾಡೋ ಕೆಲಸಗಾರ ಇದ್ದಾನು ಅಂತ ಮೊನ್ನೆ ಮೊನ್ನೆ ಯಾರೋ ಬರದಾರ. ಕಣ್ಣಲೆ ಕಂಡವರು ಯಾರೂ ಇಲ್ಲ. ಆದ್ರ ಗೊತ್ತಾಗ್ತದ ಅನ್ನೂದು ಖರೆ. ನಿನ್ನ ಕೈನ ಹೇಳಾಕತ್ತದ."

ಪಾಠ ಮುಗಿದ ಮೇಲೆ ಅವಳು ಅವರ ಕೋಣೆಗೆ ಹೋದಳು. ಇದು ಹುಟ್ಟುವ ಮಕ್ಕಳಿಗೆ ಬಂದರೆ ಎಂದು ರುಕ್ಮಿಣಿಬಾಯಿ ಕೇಳಿದ್ದನ್ನೇ ಕೇಳಿದಳು. ಹೆಣ್ಣಿನ ಪ್ರತಿ ಕೋಶದಲ್ಲಿ ಎರಡು ಎಕ್ಸ್ ವರ್ಣತಂತು ಇರುತ್ತವೆ, ಒಂದನ್ನು ಕೋಶ ಬಿಗಿಯಾಗಿ ಸುತ್ತಿ ಮೂಲೆಗಿಡುತ್ತದೆ ಎಂದರು ಸರ್. ಯಾವುದನ್ನು ಮೂಲೆಗಿಡುವುದು ಎಂದು ಗರ್ಭದಲ್ಲಿ ಬಹಳ ಎಳೆಯದಿದ್ದಾಗಲೇ ಒಂದೊಂದು ಕೋಶ ತನ್ನ ಪಾಡಿಗೆ ತಾನು ಆರಿಸುತ್ತದೆ. ಆಮೇಲೆ ಆ ಕೋಶ ಒಡೆದು ಹುಟ್ಟುವ ಅದರ ಮಕ್ಕಳು ಮರಿಮಕ್ಕಳು, ಆಕೆ ಸಾಯುವವರೆಗೂ, ಅದನ್ನೇ ಮೂಲೆಗಿಡುತ್ತವೆ. ಒಂದು ಎಕ್ಸ್‌ನಲ್ಲಿ ಬಣ್ಣದ ದೋಷವಿದ್ದರೆ, ಅದನ್ನು ಓದುವ ಕೋಶಗಳು ಬೆಳೆದ ಕಡೆ ಚರ್ಮ ಬಿಳಿ ಗೆರೆಯಾಗಿ ಕಾಣುತ್ತದೆ. ಅವಳ ಗೆರೆಗಳು ಅಂಥವೇ ಇರಬಹುದು, ಬೇರೆ ಕಾರಣದವೂ ಇರಬಹುದು.

"ತತ್ತಿ ಆಗೂ ಮುಂದ ಮಾತ್ರ ಆ ಸುತ್ತು ಬಿಚ್ಚತದ. ಕೂಸು ಮತ್ತ ಹೊಸದಾಗಿ ಸುತ್ತಿಕೊಳ್ತದ. ದಾರದಾಗ ದೋಷ ಇದ್ರ ಅದು ಕೂಸಿಗಿ ಹೋಗಬಹುದು, ಹೋಗದನೂ ಇರಬಹುದು. ಆದ್ರ ನಿನ್ನ ಕೈಮ್ಯಾಲಿನ ಈ ಚಿತ್ರ ಅದ ಅಲ್ಲ, ಇದು ಯಾರಿಗೂ ಹೋಗಂಗಿಲ್ಲ. ಇದು ನಿನ್ನ ಜೋಡಿನ ಮುಗೀತದ."

ವಸತಿಗೃಹಕ್ಕೆ ಮರಳುವ ದಾರಿಯಲ್ಲಿ ಸುಭದ್ರಾ ಆ ಮಾತನ್ನು ಮತ್ತೆ ಮತ್ತೆ ಮನಸ್ಸಿನಲ್ಲಿ ಹೊರಳಿಸಿದಳು. ಹಗುರವಾಗಬೇಕಿತ್ತು. ಹಗುರವೂ ಆಯಿತು, ಜೊತೆಗೆ ಒಂದು ಬಗೆಯ ಒಂಟಿತನವೂ ಬಂತು.

ಎಂಎಸ್‌ಸಿ ಆದಮೇಲೆ ಜೇವರ್ಗಿಯ ಕಾಲೇಜೊಂದರಲ್ಲಿ ಅವಳಿಗೆ ಜೀವಶಾಸ್ತ್ರ ಕಲಿಸುವ ನೌಕರಿ ಸಿಕ್ಕಿತು. ಎರಡು ವರ್ಷದ ನಂತರ ಅಫಜಲಪುರ ತಾಲ್ಲೂಕಿನ, ಸೊನ್ನದ ಹತ್ತಿರ ಭೀಮಾ ದಂಡೆಯ ಹಳ್ಳಿಯ ಚಂದಪ್ಪನ ಕಡೆಯಿಂದ ಮದುವೆಯ ಮಾತು ಬಂತು. ಅವನು ಕೃಷಿ ಇಲಾಖೆಯಲ್ಲಿ ಸಹಾಯಕ, ಜೇವರ್ಗಿಯಲ್ಲೇ ಕೆಲಸ. ತಂದೆ ಇಲ್ಲ, ತಾಯಿ ನಿಂಬೆವ್ವ ಜೊತೆಗಿದ್ದಳು. ನೋಡಲು ಬಂದ ದಿನ ಸುಭದ್ರಾ ಫಳಾರ ಇಟ್ಟು, ಎದುರಿಗೆ ಕೂತು, ತಾನೇ ತೋಳು ಸರಿಸಿದಳು.

"ಇದು ರೋಗ ಅಲ್ರಿ. ಹುಟ್ಟೋ ಮಕ್ಕಳಿಗೆ ಬರಬಹುದು, ಬರದೇನೂ ಇರಬಹುದು. ಖಾತ್ರಿ ಕೊಡಾಕ ನನ್ನ ಕೈಲಿ ಆಗಂಗಿಲ್ಲ."

ಚಂದಪ್ಪ ಗೆರೆಗಳನ್ನು ನೋಡಿದ. "ನೋಯ್ತದೇನ್ರಿ?"

"ಇಲ್ಲ."

"ಮತ್ತ ಆತಲ್ರಿ." ತುಸು ಹೊತ್ತು ಬಿಟ್ಟು ಹೇಳಿದ: "ನಮ್ಮವ್ವ ಹೊರಗ ಕುಂತಾಳ. ಆಕಿ ಏನಂತಾಳ ನಂಗೊತ್ತಿಲ್ಲ. ಆದ್ರ ಆಕಿಗೂ ಈಗ ತೋರಿಸಿಬಿಡ್ರಿ. ಮುಚ್ಚಿ ಇಟ್ಟು ಶುರು ಮಾಡೂದು ಬ್ಯಾಡ."

ನಿಂಬೆವ್ವ ನೋಡಿದಳು, "ಹ್ಞೂಂ" ಎಂದಳು. ಆ ಹ್ಞೂಂಗೆ ಏನರ್ಥ ಎಂದು ಮದುವೆಯಾಗಿ ವರ್ಷ ಕಳೆದರೂ ಸುಭದ್ರಾಳಿಗೆ ತಿಳಿಯಲಿಲ್ಲ. ಅತ್ತೆ ಕೆಟ್ಟವಳಲ್ಲ. ಮಾತು ಕಡಿಮೆ. ರೊಟ್ಟಿ ಬಡಿಯುವಾಗ ಸೊಸೆಯ ತೋಳು ಮೇಲೇರಿದರೆ ನೋಡುತ್ತಿದ್ದಳು, ಮತ್ತೆ ಹಿಟ್ಟಿನ ಕಡೆ ತಿರುಗುತ್ತಿದ್ದಳು.

ಬಸಿರಾದಾಗ ಸುಭದ್ರಾ ಗಂಡನ ಜೊತೆ ಸೊಲ್ಲಾಪುರಕ್ಕೆ ಹೋಗಿ ಚರ್ಮದ ವೈದ್ಯರೊಬ್ಬರಿಗೆ ಕೈ ತೋರಿಸಿದಳು. ಅವರು ಹಣಮಂತರಾಯ ಸರ್ ಹೇಳಿದ್ದನ್ನೇ ಬೇರೆ ಮಾತಿನಲ್ಲಿ ಹೇಳಿ, ಇಂಥ ಗೆರೆಗಳು ಹಲವು ಬಗೆಯವು, ನಿಮ್ಮವು ಯಾವ ಬಗೆಯವು ಎಂದು ಹೇಳುವ ಪರೀಕ್ಷೆ ನಮ್ಮಲ್ಲಿಲ್ಲ ಎಂದರು. ಅವಳು ಶಾಂತವಾಗಿಯೇ ಕೇಳಿಸಿಕೊಂಡಳು. ತನಗೆ ಎಲ್ಲ ಗೊತ್ತಿದೆ, ಏನು ಬಂದರೂ ತಡೆದುಕೊಳ್ಳುತ್ತೇನೆ ಎಂದು ಅವಳ ನಂಬಿಕೆ.

ಹೆಣ್ಣು ಹುಟ್ಟಿತು. ಮೈ ತುಂಬ ಒಂದೇ ಬಣ್ಣ, ಗೋಧಿಯ ಬಣ್ಣ. ಅಮೃತ ಎಂದು ಹೆಸರಿಟ್ಟರು. ಬಾಣಂತನಕ್ಕೆ ಆಳಂದಕ್ಕೆ ಹೋಗಬೇಕಿತ್ತು. ಹೀರಾಬಾಯಿಗೆ ಆಗ ಮೈಯಲ್ಲಿ ಸರಿ ಇರಲಿಲ್ಲವಾದ್ದರಿಂದ ಜೇವರ್ಗಿಯಲ್ಲೇ ನಿಂಬೆವ್ವನೇ ಎಲ್ಲ ಮಾಡಿದಳು. ಮೂರನೆಯ ವಾರದ ಒಂದು ಬೆಳಿಗ್ಗೆ ಕೂಸಿನ ಬಟ್ಟೆ ಬದಲಿಸುವಾಗ ಸುಭದ್ರಾಳ ಕೈ ನಿಂತಿತು. ಬಲಗಾಲಿನ ಮೀನಖಂಡದ ಹಿಂದೆ, ತೊಡೆಯ ಕಡೆಗೆ ಏರುತ್ತ, ತೆಳುವಾದ ಬಿಳಿ ಗೆರೆ.

ಓದಿದ್ದೆಲ್ಲ ಆ ಹೊತ್ತಿಗೆ ಎಲ್ಲಿಗೆ ಹೋಯಿತೋ. ಅವಳು ಕೂಸಿನ ಕಾಲಿಗೆ ಮುಖ ಹಚ್ಚಿ ಸದ್ದಾಗದಂತೆ ಅತ್ತಳು. ಆಮೇಲೆ ಕಾಲನ್ನು ಬಟ್ಟೆಯಲ್ಲಿ ಸುತ್ತಿದಳು. ಅಂದಿನಿಂದ ಕೂಸಿಗೆ ತಾನೇ ಎಣ್ಣೆ ಹಚ್ಚುತ್ತೇನೆ, ತಾನೇ ಎರೆಯುತ್ತೇನೆ ಎಂದು ಹಟ ಹಿಡಿದಳು. ಬಾಣಂತಿ ಸೊಂಟ ಬಗ್ಗಿಸಬಾರದು ಎಂದು ಅತ್ತೆ ಹೇಳಿದರೂ ಕೇಳಲಿಲ್ಲ. ಚಂದಪ್ಪನಿಗೂ ಹೇಳಲಿಲ್ಲ. ಮುಚ್ಚಿಟ್ಟು ಶುರು ಮಾಡಬಾರದೆಂದು ತಿಳಿದವಳು ಈಗ ಹಗಲೆಲ್ಲ ಮುಚ್ಚುವುದರಲ್ಲೇ ಕಳೆಯುತ್ತಿದ್ದಳು.

ಒಂದು ದಿನ ನಿಂಬೆವ್ವ ಎಣ್ಣೆಯ ಬಟ್ಟಲು ಹಿಡಿದು ಬಾಗಿಲಲ್ಲಿ ಕೂತುಬಿಟ್ಟಳು. "ಇತ್ತ ತಾ ಕೂಸಿನ್ನ."

"ನಾ ಹಚ್ಚತೇನಿ ಅತ್ತಿ."

"ತಾ ಬೇ. ಆ ಕಾಲಿಂದು ನೀ ನೋಡೂದ್ರಕಿಂತ ಮೊದಲ ನಾ ನೋಡೇನಿ. ಸಂಜಿ ಬೆಳಕಿನ್ಯಾಗ ಸಣ್ಣಗ ಕಾಣಾಕತ್ತಿತ್ತು. ನೀ ಹೇಳ್ತಿ ಅಂತ ಸುಮ್ಮ ಕುಂತಿದ್ದೆ."

ಸುಭದ್ರಾ ಕೂಸನ್ನು ಕೊಟ್ಟಳು. ನಿಂಬೆವ್ವ ಕಾಲು ಚಾಚಿ, ಕೂಸನ್ನು ಬೋರಲಾಗಿ ಮಲಗಿಸಿ, ಎಣ್ಣೆ ಹಚ್ಚುತ್ತ ಆ ಗೆರೆಯ ಮೇಲೆ ಹೆಬ್ಬೆರಳು ಎಳೆದಳು. ಕೂಸು ಕಾಲು ಝಾಡಿಸಿತು. ಮತ್ತೆ ಎಳೆದಳು, ಮತ್ತೆ ಝಾಡಿಸಿತು. ಮುದುಕಿಗೆ ನಗು ಬಂತು.

"ಕಚಗುಳಿ ಆಗ್ತದ ಇಕಿಗಿ. ನೋಡ ಬೇ, ನಿಂದು ಭುಜದ ಮ್ಯಾಲಿಂದ ಇಳೀತದ, ಇಕಿದು ಕಾಲಾಗಿಂದ ಏರ್ತದ. ನಿಂದಕ್ಕೂ ಇದಕ್ಕೂ ತಾಳನ ಇಲ್ಲ. ಇದು ನಿಂದಲ್ಲ, ಇಕಿದ ಬ್ಯಾರೆ."

"ನಿಮಗ ಬ್ಯಾಸರ ಇಲ್ಲೇನತ್ತಿ?"

"ಯಾಕ ಇರಂಗಿಲ್ಲ? ಮದವಿ ಹೊತ್ತಿಗಿ ನಾಕ ಮಂದಿ ನಾಕ ಮಾತಾಡ್ತಾರಲ್ಲ, ಅದರ ಬ್ಯಾಸರ ಅದ. ಕೂಸಿಂದೇನ ಬ್ಯಾಸರ? ಹಾಲ ಕುಡೀತದ, ನಿದ್ದಿ ಮಾಡ್ತದ." ಆಮೇಲೆ ತಲೆ ಎತ್ತದೆ ಹೇಳಿದಳು: "ನಾವು ನೋಡಾಕ ಬಂದ ದಿನ ನೀ ಕೈ ತೋರಿಸಿದಿ. ಇಷ್ಟ ಧೈರ್ಯದಾಕಿ ನಮ್ಮ ಮನಿಗಿ ಬೇಕ ಅಂದ್ಕೊಂಡಿದ್ದೆ. ಈಗ ಯಾಕ ಹಿಂಗ ಅಂಜತಿ?"

ಸುಭದ್ರಾ ಅತ್ತೆಯ ಪಕ್ಕ ನೆಲಕ್ಕೇ ಕೂತು, ಹಣಮಂತರಾಯ ಸರ್ ಹೇಳಿದ್ದನ್ನು ಮೊದಲಿಂದ ಕೊನೆಯವರೆಗೆ ಹೇಳಿದಳು. ಹೇಗೆ ದಾರ ಪ್ರತಿಯಾಗುತ್ತದೆ, ಹೇಗೆ ಸುತ್ತು ಕೂಡ ಪ್ರತಿಯಾಗುತ್ತದೆ, ಹೊಟ್ಟೆಯಲ್ಲಿ ಹೇಗೆ ಎಲ್ಲ ಬಿಚ್ಚಿ ಹೊಸದಾಗಿ ಶುರುವಾಗುತ್ತದೆ. ನಿಂಬೆವ್ವನಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. "ಹ್ಞೂಂ" ಎನ್ನುತ್ತ ಕೇಳಿದಳು, ಕೂಸನ್ನು ಮಗುಚಿ ಹೊಟ್ಟೆಗೆ ಎಣ್ಣೆ ಹಚ್ಚಿದಳು. ಸಂಜೆ ಚಂದಪ್ಪ ಬಂದಾಗ ಸುಭದ್ರಾ ತಾನೇ ಕೂಸಿನ ಕಾಲು ತೋರಿಸಿದಳು.

ಅಮೃತ ಬೆಳೆದಳು. ಫ್ರಾಕ್ ಹಾಕಿಕೊಂಡು ಸಾಲೆಗೆ ಹೋದಳು, ಖೋ ಖೋ ಆಡಿದಳು. ಯಾರಾದರೂ ಕೇಳಿದರೆ, "ಹುಟ್ಟಾಗಿಂದ ಅದ" ಎಂದು ಓಡಿಹೋಗುತ್ತಿದ್ದಳು. ಅವಳಿಗೆ ಎಂದೂ ನೋವಾಗಲಿಲ್ಲ ಎಂದಲ್ಲ. ಹತ್ತನೆಯ ವಯಸ್ಸಿನಲ್ಲಿ ಒಮ್ಮೆ ನಾಟಕದಲ್ಲಿ ರಾಜಕುಮಾರಿಯ ಪಾತ್ರ ಕೊಡಲಿಲ್ಲವೆಂದು ಅಳುತ್ತ ಬಂದಳು. ಆಗ ಸುಭದ್ರಾ ಏನನ್ನೂ ವಿವರಿಸಲಿಲ್ಲ. ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅಳು ಮುಗಿಯುವವರೆಗೂ ತಲೆ ನೇವರಿಸಿದಳು.

ನಿಂಬೆವ್ವ ತೀರಿಕೊಂಡ ಮರುವರ್ಷ, ಸಾವಿರದ ಒಂಬೈನೂರ ತೊಂಬತ್ತೇಳರಲ್ಲಿ, ಕಾಲೇಜಿನವರು ಸುಭದ್ರಾಳನ್ನು ಅಧ್ಯಾಪಕರ ತರಬೇತಿಗೆಂದು ಹೈದರಾಬಾದಿಗೆ ಕಳಿಸಿದರು. ಅಲ್ಲಿ ಒಬ್ಬ ಯುವ ವಿಜ್ಞಾನಿ ಪರದೆಯ ಮೇಲೆ ಚಿತ್ರ ತೋರಿಸುತ್ತ, ಹಳೆಯ ಹಿಸ್ಟೋನ್‌ಗಳು ಎರಡೂ ದಾರಕ್ಕೆ ಹಂಚಿಹೋಗುತ್ತವೆ ಎಂಬುದು ಈಗ ಬಹುಮಟ್ಟಿಗೆ ಒಪ್ಪಿತವಾಗಿದೆ ಎಂದ. ಹೊಸ ಹಿಸ್ಟೋನ್‌ಗಳನ್ನು ಪ್ರತಿಯಾಗುತ್ತಿರುವ ಜಾಗಕ್ಕೇ ಹೊತ್ತು ತರುವ ಪ್ರೋಟೀನು ಸಿಕ್ಕಿದೆ. ದಾರದ ಅರ್ಧ ಗುರುತನ್ನು ಪೂರ್ತಿ ಮಾಡುವ ಕಿಣ್ವವೂ ಸಿಕ್ಕಿದೆ. ಹಿಸ್ಟೋನ್‌ಗಳ ಮೇಲೆ ಗುರುತು ಹಾಕುವ ಕಿಣ್ವವನ್ನು ಹೋದ ವರ್ಷವಷ್ಟೇ ಗುರುತಿಸಿದ್ದಾರೆ. ಸುಭದ್ರಾ ಬರೆದುಕೊಳ್ಳುವುದನ್ನು ಮರೆತು ಕೇಳುತ್ತಿದ್ದಳು. ಕೊನೆಗೆ ಎದ್ದು ನಿಂತು ಕೇಳಿದಳು: ತತ್ತಿ ವೀರ್ಯಗಳಲ್ಲಿ, ಗರ್ಭದ ಮೊದಲ ದಿನಗಳಲ್ಲಿ ಈ ಗುರುತುಗಳೆಲ್ಲ ಪೂರ್ತಿ ಅಳಿಯುತ್ತವೆಯೇ?

ಆ ಹುಡುಗ ನಕ್ಕ. "ಹಾಗಂತ ಪುಸ್ತಕದಲ್ಲಿದೆ, ಮೇಡಂ. ಆದರೆ ಕೆಲವು ಉಳಿದುಕೊಳ್ಳುತ್ತವೆ. ಅಪ್ಪನಿಂದ ಬಂದದ್ದು ಯಾವುದು, ಅವ್ವನಿಂದ ಬಂದದ್ದು ಯಾವುದು ಅಂತ ಕೂಸಿನ ಕೋಶಕ್ಕೆ ನೆನಪಿರುವ ಕೆಲವು ಜೀನುಗಳಿವೆ. ಇನ್ನೂ ಎಷ್ಟು ಉಳಿಯುತ್ತವೆ ಅಂತ ನಮಗೆ ಗೊತ್ತಿಲ್ಲ."

ಮರಳುವಾಗ ಬಸ್ಸಿನಲ್ಲಿ ಕಿಟಕಿಗೆ ಒರಗಿ ಅವಳು ಅದನ್ನೇ ಯೋಚಿಸಿದಳು. ಇದು ನಿನ್ನ ಜೋಡಿನ ಮುಗೀತದ ಎಂದು ಹಣಮಂತರಾಯ ಸರ್ ಒಮ್ಮೆ ಹೇಳಿದ್ದರು. ತನ್ನ ಕೈಮೇಲಿನ ಆ ಚಿತ್ರದ ಮಟ್ಟಿಗೆ ಅದು ನಿಜವೇ ಇರಬಹುದು. ಆದರೆ ಮಗಳಿಗೆ ತಾನು ತಿಳಿಯದೆ ಬೇರೆ ಏನೇನೋ ಕೊಟ್ಟಿರಬಹುದು, ತನಗೂ ಹೀರಾಬಾಯಿ ಕೊಟ್ಟಿರಬಹುದು. ಈ ಸಲ ಆ ವಿಚಾರ ಅವಳನ್ನು ಅಂಜಿಸಲಿಲ್ಲ. ಹೊರಗೆ ತೊಗರಿ ಹೊಲಗಳು ಹಳದಿ ಹೂ ಬಿಟ್ಟಿದ್ದವು.

ಜೇವರ್ಗಿಯ ಬಸ್ ನಿಲ್ದಾಣದಲ್ಲಿ ಚಂದಪ್ಪ ಮತ್ತು ಅಮೃತ ಕಾಯುತ್ತಿದ್ದರು. ಅಮೃತ ಓಡಿಬಂದು ಚೀಲ ಇಸಿದುಕೊಂಡಳು. "ಯವ್ವಾ, ಏನ ಕಲ್ತ ಬಂದಿ?"

"ಭಾಳ ಕಲ್ತೇನಿ. ಕಲೀಬೇಕಾದ್ದು ಇನ್ನೂ ಅದ ಅಂತಾರ."

"ಹಂಗಾರ ಮತ್ತ ಹೋಗಬೇಕಾಗ್ತದ," ಎಂದ ಚಂದಪ್ಪ. "ಮುಂದಿನ ಸಲ ನಾವೂ ಬರ್ತೇವಿ. ಚಾರ್ಮಿನಾರ್ ನೋಡಿಲ್ಲ ಇಕಿ."

"ಮೊದಲ ಮನಿಗಿ ನಡೀರಿ," ಎಂದಳು ಸುಭದ್ರಾ. "ಹಸಿವಿ ಆಗ್ಯಾದ ನಂಗ."